ರೆಪೊ ನಿಮ್ಮ ಹೆಸರಲ್ಲಿದೆ, ಕೋಡ್ ಯಾರದು?

ಪ್ರಶ್ನೆ: ನಾನು ಕೋಲಾರದವನು. 2019ರಲ್ಲಿ ಇಂಜಿನಿಯರಿಂಗ್ ಓದುವಾಗ ನಾವು ಮೂವರು ಗೆಳೆಯರು ಸೇರಿ ಇಲ್ಲಿನ ಎಪಿಎಂಸಿ ಟೊಮೆಟೊ ಮಂಡಿಗಳಿಗಾಗಿ ಒಂದು ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದೆವು. 15 ಕೆ.ಜಿ. ಬಾಕ್ಸ್‌ಗಳ ಲೆಕ್ಕ, ಹರಾಜಿನ ದರ ಹಾಕಿದರೆ ಕಮಿಷನ್, ಹಮಾಲಿ, ಮುಂಗಡ ಕಳೆದು ರೈತರಿಗೆ ಕನ್ನಡದಲ್ಲೇ ಪಟ್ಟಿ ಪ್ರಿಂಟ್ ಆಗುತ್ತದೆ. ಪೈಥಾನ್ ಭಾಷೆ, ಪರದೆಯ ಕಿಟಕಿ, ಬಟನ್‌ಗಳಿಗೆ ಪೈಕ್ಯೂಟಿ5 ಎಂಬ ಲೈಬ್ರರಿ (ಸಿದ್ಧ ಕೋಡ್) ಬಳಸಿದ್ದೇವೆ. ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ, ನನ್ನ ಅಕೌಂಟ್‌ನ ರೆಪೊದಲ್ಲಿ (ಕೋಡ್ ಫೈಲ್‌ಗಳ ಸಂಗ್ರಹ), ಜಿಪಿಎಲ್ 3 ಲೈಸೆನ್ಸ್‌ನಡಿ ಇದೆ. ಒಬ್ಬ ಗೆಳೆಯ ಆಮೇಲೆ ಬೆಂಗಳೂರಿನ ಕಂಪನಿಗೆ ಸೇರಿ ಬಿಡುವಿನಲ್ಲಿ ಕೋಡ್ ಬರೆಯುತ್ತಿದ್ದ. ಇನ್ನೊಬ್ಬ ಈಗ ಮೇಲ್‌ಗೂ ಫೋನ್‌ಗೂ ಸಿಗುತ್ತಿಲ್ಲ. ಥರ್ಮಲ್ ಪ್ರಿಂಟರ್ ಭಾಗವನ್ನು ಚಿಂತಾಮಣಿಯ ಒಬ್ಬರಿಗೆ 12,000 ರೂಪಾಯಿ ಕೊಟ್ಟು ಬರೆಸಿದೆ. ಬಾಕಿ ಹಣದ ವರದಿಯ ಭಾಗವನ್ನು ತುಮಕೂರಿನ ಡಿಪ್ಲೊಮಾ ಹುಡುಗನೊಬ್ಬ ಬರೆದುಕೊಟ್ಟ, ಆಗ ಅವನಿಗೆ 17 ವರ್ಷ. ಗುರುತಿಲ್ಲದ ಐದಾರು ಮಂದಿ ಸಣ್ಣಪುಟ್ಟ ತಿದ್ದುಪಡಿ ಕಳಿಸಿದ್ದಾರೆ. ಈಗ ಕಂಪನಿಯೊಂದು ‘ಎಂಐಟಿ ಲೈಸೆನ್ಸ್‌ಗೆ ಬದಲಿಸಿ, ಇಲ್ಲವೇ ನಮಗೆ ಪೂರ್ತಿ ಬರೆದುಕೊಡಿ, ಹಣ ಕೊಡುತ್ತೇವೆ’ ಎನ್ನುತ್ತಿದೆ. ರೆಪೊ ನನ್ನದೇ ತಾನೆ, ಲೈಸೆನ್ಸ್ ಫೈಲ್ ಬದಲಿಸಿದರೆ ಸಾಕಲ್ಲವೇ?

ಉತ್ತರ: ಸಾಲದು. ತಿದ್ದಿ ಹಂಚಿದರೆ ಕೋಡನ್ನೂ ಅದೇ ಲೈಸೆನ್ಸ್‌ನಡಿ ಕೊಡಬೇಕು ಎನ್ನುವುದು ಜಿಪಿಎಲ್; ಹಕ್ಕಿನ ಸೂಚನೆ ಉಳಿಸಿಕೊಂಡರೆ ಕೋಡ್ ಮುಚ್ಚಿಯೂ ಮಾರಬಹುದು ಎನ್ನುವುದು ಎಂಐಟಿ. ಲೈಸೆನ್ಸ್ ಫೈಲನ್ನು ಬದಲಿಸುವ ಕೀಲಿ ನಿಮ್ಮ ಕೈಯಲ್ಲಿದೆ, ಬದಲಿಸುವ ಹಕ್ಕು ಇನ್ನೂ ಇಲ್ಲ. ಪಹಣಿಯಲ್ಲಿ ಐವರ ಹೆಸರಿರುವ ಜಮೀನನ್ನು, ಗೇಟಿನ ಬೀಗದ ಕೈ ಇಟ್ಟುಕೊಂಡವನು ಒಬ್ಬನೇ ಹೋಗಿ ಕ್ರಯಕ್ಕೆ ಬರೆದುಕೊಡಲು ಆಗುವುದಿಲ್ಲವಷ್ಟೆ. ಗಿಟ್‌ಹಬ್‌ನ ನಿಯಮಗಳ ಪ್ರಕಾರ, ಲೈಸೆನ್ಸ್ ಇರುವ ರೆಪೊಗೆ ಯಾರಾದರೂ ಕೋಡ್ ಕಳಿಸಿದರೆ, ಬೇರೆ ಒಪ್ಪಂದವಿಲ್ಲದಿದ್ದಾಗ, ಆ ಕೋಡ್ ಅದೇ ಲೈಸೆನ್ಸ್‌ನಡಿ ಬಂದಂತೆ. ಅಂದರೆ ತುಮಕೂರಿನ ಹುಡುಗ ಬರೆದ ಸಾಲುಗಳು ನಿಮಗೆ ಸಿಕ್ಕಿರುವುದು ಜಿಪಿಎಲ್ 3ರ ಷರತ್ತಿನ ಮೇಲೆ. ಆ ಸಾಲುಗಳ ಮಟ್ಟಿಗೆ ನಿಮಗೂ, ಅದನ್ನು ಇವತ್ತು ಮೊದಲ ಸಲ ಡೌನ್‌ಲೋಡ್ ಮಾಡಿಕೊಂಡ ಅಪರಿಚಿತರಿಗೂ ಇರುವ ಹಕ್ಕು ಒಂದೇ. ಜಿಪಿಎಲ್‌ನಲ್ಲಿ ಬಂದದ್ದನ್ನು ಎಂಐಟಿಯಲ್ಲಿ ಹಂಚುವ ಅಧಿಕಾರ ಬರೆದವರಿಂದಲೇ ಬರಬೇಕು.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಕಣ್ಣಿಗೆ ಕಂಪ್ಯೂಟರ್ ಪ್ರೋಗ್ರಾಂ ಕೂಡ ಕಥೆ, ಕಾದಂಬರಿಯಂತೆ ಒಂದು ಸಾಹಿತ್ಯ ಕೃತಿ. ಬರೆದ ಕ್ಷಣದಲ್ಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಬರೆದವರ ಜೀವಿತಾವಧಿ ಮತ್ತು ಅದರ ಮೇಲೆ 60 ವರ್ಷ ಅದು ಉಳಿಯುತ್ತದೆ. ಬರೆದವರು ತೀರಿಕೊಂಡಿದ್ದರೆ ವಾರಸುದಾರರನ್ನು ಕೇಳಬೇಕಾಗುತ್ತದೆ. ‘ಹಳೇ ಕೋಡ್, ಯಾರು ಕೇಳುತ್ತಾರೆ’ ಎಂಬ ಧೈರ್ಯಕ್ಕೆ ಇಲ್ಲಿ ಆಧಾರವಿಲ್ಲ. ಹಕ್ಕುದಾರರು ತಾವು ವಾಸವಿರುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೇ ದಾವೆ ಹೂಡಲು 62ನೇ ಸೆಕ್ಷನ್ ಅವಕಾಶ ಕೊಡುತ್ತದೆ. ತುಮಕೂರಿನ ಹುಡುಗ ನಿಮ್ಮ ಕೋಡ್ ಕೊಳ್ಳುವ ಕಂಪನಿಯ ಬಾಗಿಲಿಗೆ ಹೋಗಬೇಕಿಲ್ಲ, ಆ ಕಂಪನಿಯೇ ತುಮಕೂರಿಗೆ ಬರಬೇಕಾದೀತು. ಅವರ ವಕೀಲರಿಗೆ ಇದು ಗೊತ್ತಿರುತ್ತದೆ. ಹಾಗಾಗಿ ಹಣ ಕೊಡುವ ಮುನ್ನ ಪ್ರತಿಯೊಬ್ಬರ ಕಾಗದವನ್ನೂ ಕೇಳಿಯೇ ಕೇಳುತ್ತಾರೆ.

ಮೊದಲ ಕೆಲಸ, ಯಾರು ಯಾರು ಬರೆದಿದ್ದಾರೆ ಎಂಬ ಪಟ್ಟಿ. ಕೋಡ್‌ನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನ ಶಾರ್ಟ್‌ಲಾಗ್ ಆದೇಶವನ್ನು ಎಸ್, ಎನ್, ಇ ಆಯ್ಕೆಗಳೊಂದಿಗೆ ಓಡಿಸಿದರೆ ಹೆಸರು, ಮೇಲ್ ವಿಳಾಸ, ಕಮಿಟ್‌ಗಳ (ದಾಖಲಾದ ಬದಲಾವಣೆಗಳ) ಸಂಖ್ಯೆ ಬರುತ್ತದೆ. ಒಬ್ಬರೇ ಕಾಲೇಜಿನ ಮೇಲ್‌ನಿಂದಲೂ ಜಿಮೇಲ್‌ನಿಂದಲೂ ಕಮಿಟ್ ಮಾಡಿರುವುದು ಸಾಮಾನ್ಯ, ಅದನ್ನು ಮೇಲ್‌ಮ್ಯಾಪ್ ಫೈಲ್ ಬರೆದು ಒಂದುಗೂಡಿಸಿ. ಆಮೇಲೆ ಪ್ರತಿ ಫೈಲ್‌ಗೂ, ಯಾವ ಸಾಲನ್ನು ಕೊನೆಗೆ ಯಾರು ಬದಲಿಸಿದರೆಂದು ತೋರಿಸುವ ಬ್ಲೇಮ್ ಆದೇಶ ಓಡಿಸಿ. ಬರೀ ಬ್ಲೇಮ್ ಸಾಲದು: ಯಾರೋ ಫೈಲ್‌ಗಳನ್ನು ಬೇರೆ ಫೋಲ್ಡರ್‌ಗೆ ಸರಿಸಿ ಇಂಡೆಂಟೇಶನ್ ಸರಿಮಾಡಿದ್ದರೆ ಎಲ್ಲ ಸಾಲೂ ಅವರದ್ದೆಂದು ತೋರಿಸುತ್ತದೆ. ಖಾಲಿ ಜಾಗದ ಬದಲಾವಣೆಯನ್ನು ಬಿಟ್ಟುಬಿಡುವ ಸಣ್ಣ ಡಬ್ಲ್ಯು ಆಯ್ಕೆ, ನಕಲಾಗಿ ಬಂದ ಸಾಲುಗಳ ಮೂಲ ಹುಡುಕುವ ದೊಡ್ಡ ಸಿ ಆಯ್ಕೆ ಎರಡನ್ನೂ ಕೊಡಿ, ಸಿ ಅನ್ನು ಎರಡು ಸಲ. ಕಮಿಟ್ ಸಂದೇಶದ ಕೊನೆಯಲ್ಲಿ ‘ಕೋ-ಆಥರ್ಡ್-ಬೈ’ ಎಂದಿರುವ ಹೆಸರುಗಳು ಸಾಮಾನ್ಯ ಶಾರ್ಟ್‌ಲಾಗ್‌ನಲ್ಲಿ ಬರುವುದಿಲ್ಲ, ಅವನ್ನು ಬೇರೆಯಾಗಿ ಹುಡುಕಬೇಕು.

ಗಿಟ್‌ಗೆ ಎಂದೂ ಗೊತ್ತಾಗದ ಒಂದು ಸಂಗತಿ ಇದೆ, ಊರಿನ ಗೆಳೆಯರು ಸೇರಿ ಬರೆದ ಯೋಜನೆಗಳಲ್ಲಿ ಅದೇ ದೊಡ್ಡ ತೊಡಕು. ಗೆಳೆಯ ವಾಟ್ಸ್ಯಾಪ್‌ನಲ್ಲಿ ಫೈಲ್ ಕಳಿಸಿರುತ್ತಾನೆ, ನೀವು ಅದನ್ನು ತೆಗೆದುಕೊಂಡು ನಿಮ್ಮ ಹೆಸರಿನಲ್ಲಿ ಕಮಿಟ್ ಮಾಡಿರುತ್ತೀರಿ. ಗಿಟ್‌ನ ಪ್ರಕಾರ ಕರ್ತೃ ನೀವು, ಕಾನೂನಿನ ಪ್ರಕಾರ ಅವನು. ಚಿಂತಾಮಣಿಯವರ ಪ್ರಿಂಟರ್ ಕೋಡ್ ಕೂಡ ಪೆನ್‌ಡ್ರೈವ್‌ನಲ್ಲೋ ಜಿಪ್ ಫೈಲಾಗಿಯೋ ಬಂದಿದ್ದರೆ ಅದೇ ಕಥೆ. ಹಳೆಯ ಚಾಟ್, ಮೇಲ್, ಡ್ರೈವ್ ಫೋಲ್ಡರ್ ಎಲ್ಲ ತೆರೆದು ನೋಡಿ. ನಂತರ ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಹೆಸರು, ಯಾವ ಫೈಲ್, ಎಷ್ಟು ಸಾಲು ಈಗಲೂ ಉಳಿದಿದೆ, ಬರೆದಾಗ ಏನು ಕೆಲಸದಲ್ಲಿದ್ದರು, ವಯಸ್ಸು, ಹಣ ಕೊಟ್ಟಿದ್ದೀರಾ, ಒಪ್ಪಿಗೆ ಬಂತಾ, ಆ ಕಾಗದ ಎಲ್ಲಿದೆ ಎಂದು ಕಾಲಂ ಮಾಡಿ ತುಂಬಿ. ಮುಂದಿನ ಎಲ್ಲ ಕೆಲಸವೂ ಈ ಹಾಳೆಯ ಮೇಲೆಯೇ ನಡೆಯುತ್ತದೆ.

ಈಗ ಒಬ್ಬೊಬ್ಬರನ್ನೇ ತೆಗೆದುಕೊಳ್ಳೋಣ.

ಕಂಪನಿಗೆ ಸೇರಿದ ಗೆಳೆಯ: 17ನೇ ಸೆಕ್ಷನ್‌ನ ಸಿ ಉಪವಿಧಿಯಂತೆ, ನೌಕರಿಯ ಕರಾರಿನಡಿ ಕೆಲಸದ ಭಾಗವಾಗಿ ಬರೆದದ್ದರ ಮೊದಲ ಮಾಲೀಕರು ಉದ್ಯೋಗದಾತರು. ಮಂಡಿ ಬಿಲ್ಲಿಂಗ್ ಅವನ ಕಂಪನಿಯ ಕೆಲಸವಲ್ಲದಿದ್ದರೆ, ಸಂಬಳದ ಸಮಯದಲ್ಲಿ ಬರೆಯದಿದ್ದರೆ, ಕೋಡ್ ಅವನದೇ ಎಂದು ವಾದಿಸಲು ಬಲವಾದ ಆಧಾರವಿದೆ. ಆದರೆ ಬೆಂಗಳೂರಿನ ಐಟಿ ಕಂಪನಿಗಳ ನೇಮಕಾತಿ ಪತ್ರದಲ್ಲಿ ‘ಉದ್ಯೋಗದ ಅವಧಿಯಲ್ಲಿ ಸೃಷ್ಟಿಸಿದ ಎಲ್ಲವೂ ಕಂಪನಿಗೆ ಸೇರಿದ್ದು’ ಎಂಬ ಅಗಲವಾದ ಸಾಲು ಸಾಮಾನ್ಯವಾಗಿ ಇರುತ್ತದೆ. ಆ ಪತ್ರವನ್ನು ತರಿಸಿ ಓದಿ. ಅಂಥ ಸಾಲು ಇದ್ದರೆ ಅವನೊಬ್ಬನ ಸಹಿ ಸಾಲದು, ಅವನ ಕಂಪನಿಯಿಂದ ಆಕ್ಷೇಪಣೆ ಇಲ್ಲವೆಂಬ ಪತ್ರ ಬೇಕು. ಅದರಲ್ಲಿ ರೆಪೊದ ಹೆಸರು, ಅವನು ಕೋಡ್ ಬರೆದ ಅವಧಿ, ‘ಈ ಕೋಡ್‌ನಲ್ಲಿ ನಮಗೆ ಹಕ್ಕು ಇಲ್ಲ’ ಎಂಬ ವಾಕ್ಯ, ಸಹಿ ಮಾಡುವ ಅಧಿಕಾರವಿರುವವರ ಹೆಸರು, ಹುದ್ದೆ ಇರಬೇಕು. ಟೀಮ್ ಲೀಡರ್ ಬಾಯಿಮಾತಿನಲ್ಲಿ ‘ಪರವಾಗಿಲ್ಲ’ ಎಂದದ್ದು ನಡೆಯುವುದಿಲ್ಲ. ಕಂಪನಿ ಬಿಟ್ಟ ಮೇಲೆ ಇಂಥ ಪತ್ರ ಪಡೆಯುವುದು ಕಷ್ಟ. ಅವನು ಇನ್ನೂ ಅಲ್ಲೇ ಇದ್ದರೆ ಈ ತಿಂಗಳೇ ಕೇಳಲು ಹೇಳಿ.

ಚಿಂತಾಮಣಿಯವರು: ಹಣ ಕೊಟ್ಟು ಬರೆಸಿದ್ದರಿಂದ ಕೋಡ್ ನಿಮ್ಮದಾಯಿತು ಎಂದು ಬಹುತೇಕರು ನಂಬಿದ್ದಾರೆ. ತಪ್ಪು. ಹಣ ಕೊಟ್ಟವರೇ ಮೊದಲ ಮಾಲೀಕರಾಗುವ ನಿಯಮವನ್ನು ಕಾಯ್ದೆ ಫೋಟೊ, ಚಿತ್ರಕಲೆ, ಸಿನಿಮಾದಂಥ ಕೆಲವಕ್ಕೆ ಮಾತ್ರ ಇಟ್ಟಿದೆ. ಪ್ರೋಗ್ರಾಂ ಆ ಸಾಲಿನಲ್ಲಿಲ್ಲ. ಅವರು ನಿಮ್ಮ ನೌಕರರೂ ಅಲ್ಲ, ಗುತ್ತಿಗೆಗೆ ಕೆಲಸ ಮಾಡಿದವರು. 12,000 ರೂಪಾಯಿಯ ರಸೀದಿ ನಿಮ್ಮ ಬಳಿ ಇದ್ದರೂ ಹಕ್ಕು ಅವರಲ್ಲೇ ಇದೆ, ಬರವಣಿಗೆಯಲ್ಲಿ ವರ್ಗಾಯಿಸಿಕೊಡುವವರೆಗೆ. ಅವರು ಆ ಕೋಡನ್ನು ಜಿಪಿಎಲ್‌ನಲ್ಲಿ ಹಾಕಲು ಒಪ್ಪಿದ್ದರೇ ಎಂಬುದಕ್ಕೂ ಕಾಗದವಿಲ್ಲದಿದ್ದರೆ ಈಗಿನ ರೆಪೊದಲ್ಲೇ ಒಂದು ಬಿರುಕು ಇದೆ ಎಂದರ್ಥ. ಹಾಗಾಗಿ ಎಲ್ಲರಿಗಿಂತ ಮೊದಲು ಅವರ ಮನೆಗೇ ಹೋಗಿ. ಹಿಂದಿನ ಹಣವನ್ನು ಉಲ್ಲೇಖಿಸಿ, ಸಾಧ್ಯವಾದರೆ ಈಗ ಮತ್ತೊಂದಿಷ್ಟು ಕೊಟ್ಟು, ಸಹಿ ಮಾಡಿದ ವರ್ಗಾವಣೆ ಪತ್ರ ಪಡೆಯಿರಿ. ಪತ್ರದಲ್ಲಿ ಪ್ರತಿಫಲ ಎಷ್ಟೆಂದು ಬರೆಯಲೇಬೇಕು, ಅದೂ ಕಾಯ್ದೆಯ ಮಾತೇ.

ತುಮಕೂರಿನ ಹುಡುಗ: ವಿದ್ಯಾರ್ಥಿ ಕಾಲೇಜಿನ ನೌಕರನಲ್ಲ. ಕಾಲೇಜಿನ ಜತೆ ಬೇರೆ ಕರಾರಿಗೆ ಸಹಿ ಹಾಕಿರದಿದ್ದರೆ ಅವನು ಬರೆದದ್ದು ಅವನದೇ. ಕಾಲೇಜಿನ ಅಂತಿಮ ವರ್ಷದ ಪ್ರಾಜೆಕ್ಟ್ ಆಗಿ ಇದನ್ನೇ ಒಪ್ಪಿಸಿದ್ದರೆ ಮಾತ್ರ ಕಾಲೇಜಿನ ನಿಯಮ ನೋಡಿ. ಇಲ್ಲಿನ ಸೂಕ್ಷ್ಮ ವಯಸ್ಸಿನದು. 18 ತುಂಬದವರ ಜತೆಗಿನ ಕರಾರು ನಮ್ಮ ಕಾನೂನಿನಲ್ಲಿ ಅಸಿಂಧು. 1903ರಲ್ಲೇ, ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಪೀಠವಾದ ಪ್ರಿವಿ ಕೌನ್ಸಿಲ್ ಇದನ್ನು ಖಚಿತಪಡಿಸಿದೆ. ಅದಲ್ಲದೆ, ಆಗ ಕೊಟ್ಟ ಒಪ್ಪಿಗೆಯನ್ನು ವಯಸ್ಕನಾದ ಮೇಲೆ ‘ಅದೇ ಇರಲಿ’ ಎಂದು ಸ್ಥಿರೀಕರಿಸಲೂ ಬರುವುದಿಲ್ಲ, ಹೊಸದಾಗಿಯೇ ಮಾಡಿಕೊಳ್ಳಬೇಕು. ಅವನಿಗೀಗ 20 ದಾಟಿದೆ, ಹೊಸ ಪತ್ರ ಮಾಡಿಸಿ, ಹಳೆಯ ಮೇಲ್ ನೆಚ್ಚಿಕೊಳ್ಳಬೇಡಿ.

ಗುರುತಿಲ್ಲದ ಐದಾರು ಮಂದಿಯ ತಿದ್ದುಪಡಿಗಳನ್ನು ಒಂದೊಂದಾಗಿ ತೆರೆದು ನೋಡಿ. ಕಾಗುಣಿತ ಸರಿಪಡಿಸಿದ್ದು, ಒಂದು ಸಂಖ್ಯೆ ಬದಲಿಸಿದ್ದು ಕೃತಿಸ್ವಾಮ್ಯದ ಮಟ್ಟಕ್ಕೆ ಏರುವುದಿಲ್ಲ. ಸ್ವಲ್ಪವಾದರೂ ಸ್ವಂತ ಸೃಜನಶೀಲತೆ ಬೇಕೆಂದು ಸುಪ್ರೀಂ ಕೋರ್ಟ್ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಹೇಳಿದೆ. ಜಿಪಿಎಲ್ ರೂಪಿಸಿದ ಗ್ನೂ ಯೋಜನೆಯವರು ಸುಮಾರು 15 ಸಾಲಿಗಿಂತ ಕಡಿಮೆ ಇರುವುದನ್ನು ಗಣನೀಯವಲ್ಲ ಎಂದು ನಡೆಸಿಕೊಂಡು ಬಂದಿದ್ದಾರೆ. ಅದು ಅವರ ರೂಢಿಯೇ ಹೊರತು ನಮ್ಮ ಕಾನೂನಲ್ಲ, ಆದರೂ ಒಳ್ಳೆಯ ಅಳತೆಗೋಲು. ಒಬ್ಬರೇ ನಾಲ್ಕು ನಾಲ್ಕು ಸಾಲಿನ ಇಪ್ಪತ್ತು ತಿದ್ದುಪಡಿ ಕಳಿಸಿದ್ದರೆ ಒಟ್ಟು ಸೇರಿಸಿ ನೋಡಿ.

ಇನ್ನು ಒಪ್ಪಿಗೆಯ ಕಾಗದ. ನನ್ನ ಮಟ್ಟಿಗೆ ಇಡೀ ವ್ಯವಹಾರದಲ್ಲಿ ಹೆಚ್ಚು ಎಚ್ಚರ ಬೇಕಾದ ಜಾಗ ಇದೇ, ಏಕೆಂದರೆ ಎಲ್ಲರೂ ಸಹಿ ಹಾಕಿದ ಮೇಲೂ ಇಲ್ಲಿ ಕೆಲಸ ಕೆಡುತ್ತದೆ. ಜನ ಸಾಮಾನ್ಯವಾಗಿ ಅಮೆರಿಕದ ಯಾವುದೋ ನಮೂನೆಯನ್ನು ಇಳಿಸಿಕೊಂಡು ಹೆಸರು ಬದಲಿಸಿ ಸಹಿ ಹಾಕಿಸುತ್ತಾರೆ. ಅಂಥ ಎಷ್ಟೋ ನಮೂನೆಗಳಲ್ಲಿ ಅವಧಿಯ ಮಾತೂ ಇರುವುದಿಲ್ಲ, ಪ್ರದೇಶದ ಮಾತೂ ಇರುವುದಿಲ್ಲ. ನಮ್ಮ ಕಾಯ್ದೆಯ 19ನೇ ಸೆಕ್ಷನ್ ಹೇಳುವುದು ಹೀಗೆ: ವರ್ಗಾವಣೆ ಬರವಣಿಗೆಯಲ್ಲಿರಬೇಕು, ಸಹಿ ಇರಬೇಕು, ಯಾವ ಕೃತಿ, ಯಾವ ಹಕ್ಕು, ಎಷ್ಟು ಅವಧಿ, ಯಾವ ಪ್ರದೇಶ ಎಂಬುದು ಸ್ಪಷ್ಟವಿರಬೇಕು. ಅವಧಿ ಬರೆಯದಿದ್ದರೆ ಐದು ವರ್ಷವೆಂದು, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರವೆಂದು ಭಾವಿಸಲಾಗುತ್ತದೆ. ಜತೆಗೆ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಚಲಾಯಿಸದಿದ್ದರೆ, ಬೇರೆ ರೀತಿ ಬರೆದಿರದ ಪಕ್ಷದಲ್ಲಿ, ಅದು ಬಿದ್ದುಹೋಗುತ್ತದೆ. ಇವತ್ತು ಸರಿಯಾಗಿದೆ ಎಂದುಕೊಂಡ ಪತ್ರದ ಜೀವ ಐದು ವರ್ಷಕ್ಕೆ ಮುಗಿದು, ಕೊಂಡ ಕಂಪನಿ ನಿಮ್ಮ ಮನೆ ಬಾಗಿಲಿಗೆ ಬರುವ ಸ್ಥಿತಿ ಇದು. 30ಎ ಸೆಕ್ಷನ್ ಈ ನಿಯಮಗಳನ್ನು ಲೈಸೆನ್ಸ್‌ಗಳಿಗೂ ತಕ್ಕ ಬದಲಾವಣೆಯೊಂದಿಗೆ ಅನ್ವಯಿಸುತ್ತದೆ. ಹಾಗಾಗಿ ಬರೀ ಲೈಸೆನ್ಸ್ ಬದಲಾವಣೆಗೆ ಒಪ್ಪಿಗೆ ಪಡೆಯುವಾಗಲೂ ಅವಧಿ, ಪ್ರದೇಶ ಬರೆಸಿ.

ಲೈಸೆನ್ಸ್ ಬದಲಾವಣೆಯ ಒಪ್ಪಿಗೆಗೆ ಇಂಥದೊಂದು ಪತ್ರ ಸಾಕು:

‘ಇಂಥ ರೆಪೊದಲ್ಲಿ, ಇಂಥ ಕಮಿಟ್‌ವರೆಗೆ, ನನ್ನ ಹೆಸರು ಅಥವಾ ಈ ಕೆಳಗಿನ ಮೇಲ್ ವಿಳಾಸಗಳಿಂದ ಸೇರಿರುವ ಹಾಗೂ ಬೇರೆಯವರ ಮೂಲಕ ಸೇರಿರುವ ನನ್ನ ಎಲ್ಲ ಕೋಡ್ ಮತ್ತು ದಾಖಲೆಗಳ ಹಕ್ಕು ನನ್ನದೇ ಆಗಿದ್ದು, ಅವನ್ನು ಜಿಪಿಎಲ್ 3ರ ಜತೆಗೆ ಎಂಐಟಿ ಲೈಸೆನ್ಸ್‌ನ ಷರತ್ತುಗಳಡಿಯೂ ಹಂಚಲು ಒಪ್ಪಿದ್ದೇನೆ. ಈ ಒಪ್ಪಿಗೆ ಕೃತಿಸ್ವಾಮ್ಯದ ಪೂರ್ಣ ಅವಧಿಗೆ, ಪ್ರಪಂಚದಾದ್ಯಂತ ಅನ್ವಯಿಸುತ್ತದೆ, ಹಿಂಪಡೆಯುವಂಥದ್ದಲ್ಲ, ಮತ್ತು ಒಂದು ವರ್ಷದೊಳಗೆ ಬಳಸದಿದ್ದರೂ ಊರ್ಜಿತದಲ್ಲಿರುತ್ತದೆ. ಬರೆದ ಅವಧಿಯಲ್ಲಿ ನನ್ನ ಉದ್ಯೋಗ: ...’

ಕೆಳಗೆ ಪೂರ್ಣ ಹೆಸರು, ದಿನಾಂಕ. 2012ರ ತಿದ್ದುಪಡಿಯಲ್ಲಿ 30ನೇ ಸೆಕ್ಷನ್‌ನಿಂದ ಸಹಿಯ ಮಾತನ್ನು ತೆಗೆದು ಬರವಣಿಗೆ ಇದ್ದರೆ ಸಾಕೆಂದು ಮಾಡಿದ್ದಾರೆ. ಹಾಗಾಗಿ ಸಣ್ಣ ತಿದ್ದುಪಡಿ ಕಳಿಸಿದವರು, ಕಮಿಟ್ ಮಾಡಿದ ಅದೇ ಮೇಲ್ ವಿಳಾಸದಿಂದ ಈ ಪಠ್ಯವನ್ನು ಉತ್ತರವಾಗಿ ಕಳಿಸಿದರೂ ಲೈಸೆನ್ಸ್ ಒಪ್ಪಿಗೆಗೆ ಆಧಾರವಾಗುತ್ತದೆ. ಹೆಚ್ಚು ಬರೆದವರಿಂದ ಕಾಗದದ ಮೇಲೆ ಸಹಿ ತೆಗೆದುಕೊಳ್ಳಿ. ಕಂಪನಿಗೆ ‘ಪೂರ್ತಿ ಬರೆದುಕೊಡುವ’ ದಾರಿ ಹಿಡಿದರಂತೂ ಎಲ್ಲರದೂ ವರ್ಗಾವಣೆ, ಅಲ್ಲಿ ಸಹಿ ಇಲ್ಲದೆ ನಡೆಯದು. ಪೆನ್ನಿನ ಸಹಿ ಅಥವಾ ಆಧಾರ್ ಇ-ಸಹಿ ಇರಲಿ, ಸಹಿಯ ಚಿತ್ರವನ್ನು ವರ್ಡ್ ಫೈಲ್‌ಗೆ ಅಂಟಿಸಿದ್ದು ಬೇಡ. ವರ್ಗಾಯಿಸಿದ ಮೇಲೂ, ಬರೆದದ್ದು ತಾನೆಂದು ಹೇಳಿಕೊಳ್ಳುವ ಹಕ್ಕು 57ನೇ ಸೆಕ್ಷನ್‌ನಂತೆ ಬರೆದವರಲ್ಲೇ ಉಳಿಯುತ್ತದೆ. ಆದ್ದರಿಂದ ಕರ್ತೃಗಳ ಹೆಸರಿನ ಫೈಲನ್ನು ಅಳಿಸುವ ಷರತ್ತಿಗೆ ಒಪ್ಪಬೇಡಿ.

ಸಿಗದ ಗೆಳೆಯನ ಪ್ರಶ್ನೆ ಉಳಿಯಿತು. ‘ಮೇಲ್ ಹಾಕಿದ್ದೇನೆ, ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಒಪ್ಪಿದಂತೆ’ ಎಂದು ಬರೆಯಬೇಕೆನಿಸುತ್ತದೆ. ಬರೆಯಬೇಡಿ. ಮೌನ ಒಪ್ಪಿಗೆಯಲ್ಲ. 2017ರಲ್ಲಿ, ಅಂತರ್ಜಾಲದ ಸಂವಹನಕ್ಕೆ ಗೂಢಲಿಪಿ ಒದಗಿಸುವ ಓಪನ್‌ಎಸ್‌ಎಸ್‌ಎಲ್ ಸಾಫ್ಟ್‌ವೇರ್‌ನ ತಂಡ ಅಪಾಚೆ 2 ಲೈಸೆನ್ಸ್‌ಗೆ ಹೋಗಲು ಕೋಡ್ ಕೊಟ್ಟವರಿಗೆ ಬರೆದ ಮೇಲ್‌ನಲ್ಲಿ ಉತ್ತರ ಬಾರದಿದ್ದರೆ ಆಕ್ಷೇಪವಿಲ್ಲವೆಂದು ಭಾವಿಸುವುದಾಗಿ ಹೇಳಿ ಬಹಳ ಟೀಕೆಗೆ ಗುರಿಯಾಯಿತು. ಹೊಸ ಲೈಸೆನ್ಸ್ ಹೊತ್ತ ಓಪನ್‌ಎಸ್‌ಎಸ್‌ಎಲ್ 3.0 ಹೊರಬಂದದ್ದು 2021ರಲ್ಲಿ. ಇದಕ್ಕಿಂತ ಪ್ರಾಮಾಣಿಕ ದಾರಿ, ಜನರೇ ಸೇರಿ ನಕಾಶೆ ಮಾಡುವ ಓಪನ್‌ಸ್ಟ್ರೀಟ್‌ಮ್ಯಾಪ್‌ನವರದು. 2012ರಲ್ಲಿ ಅವರು ನಕಾಶೆಯ ಲೈಸೆನ್ಸ್ ಬದಲಿಸುವಾಗ ಒಪ್ಪದವರ, ಉತ್ತರಿಸದವರ ಕೊಡುಗೆಯನ್ನು ತೆಗೆದುಹಾಕಿದರು. ಆಸ್ಟ್ರೇಲಿಯಾ, ಪೋಲೆಂಡ್‌ನಂಥ ಕಡೆ ಬಹಳಷ್ಟು ರಸ್ತೆಗಳೇ ನಕಾಶೆಯಿಂದ ಹೋದವು, ಜನ ಮತ್ತೆ ಹಾಕಿದರು. ನಿಮ್ಮದು ಸಣ್ಣ ಯೋಜನೆ, ಈ ದಾರಿ ನಿಮಗೆ ಕೈಗೆಟುಕುವಂಥದ್ದೇ.

ಆದರೂ ಮೊದಲು ಹುಡುಕಿ. ಅವನ ಮನೆಯ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳಿಸಿ, ಸ್ವೀಕೃತಿ ಚೀಟಿ ಇಟ್ಟುಕೊಳ್ಳಿ. ಕಾಲೇಜಿನ ಹಳೆ ವಿದ್ಯಾರ್ಥಿ ಬಳಗದ ಮೂಲಕ ಕೇಳಿಸಿ. ಸಿಗದಿದ್ದರೆ ಅವನ ಸಾಲುಗಳನ್ನು ತೆಗೆದು ಹೊಸದಾಗಿ ಬರೆಸಬೇಕು. ಬರೆಯುವವರು ನೀವಾಗಬಾರದು, ಆರು ವರ್ಷ ಆ ಕೋಡ್ ನೋಡಿದ ಕೈ ಅದನ್ನೇ ಮತ್ತೆ ಬರೆಯುತ್ತದೆ. ಅವನ ಭಾಗ ಕಮಿಷನ್ ಲೆಕ್ಕವೆಂದುಕೊಳ್ಳಿ. ನೀವು ಮಾಡಬೇಕಾದದ್ದು ಒಂದು ಕನ್ನಡ ಟಿಪ್ಪಣಿ: ಬಾಕ್ಸ್ ಸಂಖ್ಯೆ, ದರ ಕೊಟ್ಟರೆ ಮೊದಲು ಒಟ್ಟು ಮೊತ್ತ, ಅದರ ಮೇಲೆ ಕಮಿಷನ್, ಆಮೇಲೆ ಬಾಕ್ಸ್‌ಗೆ ಇಷ್ಟೆಂದು ಹಮಾಲಿ, ಪೈಸೆಯನ್ನು ಕೊನೆಯಲ್ಲಿ ಒಮ್ಮೆ ಮಾತ್ರ ರೂಪಾಯಿಗೆ ಸರಿಮಾಡಬೇಕು, ಮುಂಗಡ ಪಟ್ಟಿಯ ಮೊತ್ತಕ್ಕಿಂತ ಹೆಚ್ಚಿದ್ದರೆ ಉಳಿದದ್ದು ಬಾಕಿ ಖಾತೆಗೆ. ಇದರಲ್ಲಿ ಫಂಕ್ಷನ್ ಹೆಸರು, ಹಳೆಯ ಕೋಡ್‌ನ ತುಣುಕು ಏನೂ ಇರಬಾರದು. ಹಳೆಯ ಕೋಡ್ ಎಂದೂ ನೋಡಿರದವರು ಈ ಟಿಪ್ಪಣಿ ನೋಡಿಕೊಂಡು ಬರೆಯಲಿ. ಮಂಡಿಯಲ್ಲಿ ಈಗಾಗಲೇ ಪ್ರಿಂಟ್ ಆಗಿರುವ ಹಳೆಯ ಪಟ್ಟಿಗಳ ಅಂಕಿಅಂಶ ಕೊಟ್ಟು ರೂಪಾಯಿಗೆ ರೂಪಾಯಿ ತಾಳೆ ನೋಡಿ. ಸಾಮಾನ್ಯವಾಗಿ ವ್ಯತ್ಯಾಸ ಬರುವುದು ಪೈಸೆ ಸರಿಮಾಡುವ ಕಡೆ: ಹಳೆಯದು ಪ್ರತಿ ಸಾಲಿಗೂ ಸರಿಮಾಡುತ್ತಿದ್ದರೆ, ಹೊಸದು ಒಟ್ಟಿಗೆ ಮಾಡಿದರೆ, ದೊಡ್ಡ ಪಟ್ಟಿಯಲ್ಲಿ ಒಂದೆರಡು ರೂಪಾಯಿ ಆಚೀಚೆ ಆಗುತ್ತದೆ.

ಲೆಕ್ಕದ ವಿಧಾನಕ್ಕೆ ಯಾರೂ ಮಾಲೀಕರಲ್ಲ. ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ, ಅದನ್ನು ಅಭಿವ್ಯಕ್ತಿಸಿದ ರೂಪಕ್ಕೆ ಮಾತ್ರ ಎಂಬುದು 1978ರ ಆರ್.ಜಿ. ಆನಂದ್ ಪ್ರಕರಣದಿಂದ ನೆಲೆನಿಂತ ಮಾತು. ಆದರೆ ಹಳೆಯ ಪೈಥಾನ್ ಕೋಡನ್ನು ಎದುರಿಗಿಟ್ಟುಕೊಂಡು ಸಾಲು ಸಾಲಾಗಿ ಜಾವಾಗೆ ಇಳಿಸುವುದು, ವೇರಿಯಬಲ್ ಹೆಸರು ಬದಲಿಸುವುದು ಹೊಸ ಬರವಣಿಗೆಯಲ್ಲ. ಅದು ರೂಪಾಂತರ, ಅದರ ಹಕ್ಕೂ ಮೂಲ ಕರ್ತೃವಿನದೇ. ಅವನೂ ನೀವೂ ಕೂತು ಒಟ್ಟಿಗೆ ಬರೆದ, ಯಾರದು ಎಷ್ಟೆಂದು ಬಿಡಿಸಲಾಗದ ಫೈಲ್‌ಗಳು ಜಂಟಿ ಕೃತಿಗಳು. ಜಂಟಿ ಮಾಲೀಕರಲ್ಲಿ ಒಬ್ಬರು ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ಲೈಸೆನ್ಸ್ ಕೊಡುವುದನ್ನು ನಮ್ಮ ನ್ಯಾಯಾಲಯಗಳು ಒಪ್ಪಿಲ್ಲ. ಆ ಫೈಲ್‌ಗಳನ್ನೂ ಹೊಸದಾಗಿ ಬರೆಸುವ ಪಟ್ಟಿಗೇ ಸೇರಿಸಿ.

ಎಲ್ಲರೂ ಸಹಿ ಹಾಕಿದರೆನ್ನಿ. ಆಗಲೂ ನಿಮ್ಮ ದಾರಿಯಲ್ಲಿ ಒಂದು ದೊಡ್ಡ ಕಲ್ಲು ಇದೆ: ಪೈಕ್ಯೂಟಿ5. ಅದು ಜಿಪಿಎಲ್ 3ರಲ್ಲಿ ಅಥವಾ ಹಣ ಕೊಟ್ಟು ಪಡೆಯುವ ವಾಣಿಜ್ಯ ಲೈಸೆನ್ಸ್‌ನಲ್ಲಿ ಮಾತ್ರ ಸಿಗುತ್ತದೆ. ನಿಮ್ಮ ಸ್ವಂತ ಕೋಡ್ ಎಂಐಟಿ ಆದರೂ ಪೈಕ್ಯೂಟಿಯೊಂದಿಗೆ ಸೇರಿಸಿ ಹಂಚುವ ಇಡೀ ಸಾಫ್ಟ್‌ವೇರ್ ಜಿಪಿಎಲ್ ಷರತ್ತಿಗೆ ಒಳಪಡುತ್ತದೆ. ಕಂಪನಿಗೆ ಬೇಕಾದ ಮುಚ್ಚಿದ ಕೋಡ್ ಆಗುವುದಿಲ್ಲ. ಪರಿಹಾರ ಅದೇ ಕೆಲಸ ಮಾಡುವ ಪೈಸೈಡ್6, ಅದು ಎಲ್‌ಜಿಪಿಎಲ್‌ನಲ್ಲಿದೆ, ಅಂದರೆ ಮುಚ್ಚಿದ ಕೋಡ್ ಜತೆಗೂ ಬಳಸಲು ಬಿಡುವ ಸಡಿಲ ಜಿಪಿಎಲ್‌ನಲ್ಲಿ. ಬಹುಪಾಲು ಬದಲಾವಣೆ ಇಂಪೋರ್ಟ್ ಸಾಲುಗಳಲ್ಲಿ. ಪೈಕ್ಯೂಟಿಸಿಗ್ನಲ್ ಎಂದಿರುವ ಕಡೆ ಸಿಗ್ನಲ್, ಪೈಕ್ಯೂಟಿಸ್ಲಾಟ್ ಎಂದಿರುವ ಕಡೆ ಸ್ಲಾಟ್ ಬರುತ್ತದೆ. ಎರಡರ ತಳದಲ್ಲಿರುವ ಕ್ಯೂಟಿ ಲೈಬ್ರರಿ 5ರಿಂದ 6ಕ್ಕೆ ಹೋಗುವುದರಿಂದ ಪ್ರಿಂಟಿಂಗ್ ಭಾಗವನ್ನು ಚೆನ್ನಾಗಿ ಪರೀಕ್ಷಿಸಿ. ಎಲ್‌ಜಿಪಿಎಲ್‌ಗೂ ಷರತ್ತಿದೆ: ಬಳಕೆದಾರರು ಕ್ಯೂಟಿ ಲೈಬ್ರರಿಯನ್ನು ತಮಗೆ ಬೇಕಾದ ಆವೃತ್ತಿಯಿಂದ ಬದಲಿಸಿಕೊಳ್ಳುವಂತಿರಬೇಕು. ಪೈಥಾನ್ ಸಾಫ್ಟ್‌ವೇರ್ ಕಟ್ಟಿಕೊಡುವ ಪೈಇನ್‌ಸ್ಟಾಲರ್‌ನಲ್ಲಿ ಎಲ್ಲವನ್ನೂ ಒಂದೇ ಇಎಕ್ಸ್‌ಇ ಫೈಲ್‌ಗೆ ತುರುಕದೆ, ಫೋಲ್ಡರ್ ರೂಪದಲ್ಲಿ ಕಟ್ಟಿದರೆ ಕ್ಯೂಟಿಯ ಡಿಎಲ್‌ಎಲ್‌ಗಳು ಹೊರಗೇ ಇರುತ್ತವೆ, ಈ ಷರತ್ತು ಪಾಲಿಸುವುದು ಸುಲಭ.

ಪಿಪ್-ಲೈಸೆನ್ಸಸ್ ಎಂಬ ಉಪಕರಣ ಓಡಿಸಿದರೆ ಉಳಿದ ಲೈಬ್ರರಿಗಳ ಲೈಸೆನ್ಸ್ ಪಟ್ಟಿಯಾಗಿ ಬರುತ್ತದೆ. ರೈತರ ಪಟ್ಟಿಯನ್ನು ಪಿಡಿಎಫ್ ಮಾಡಲು ಪೈಮುಪಿಡಿಎಫ್ ಬಳಸಿದ್ದರೆ ಅದು ಎಜಿಪಿಎಲ್, ಸರ್ವರ್‌ನಿಂದ ಸೇವೆ ಕೊಟ್ಟರೂ ಕೋಡ್ ಕೊಡಬೇಕೆನ್ನುವ ಇನ್ನೂ ಬಿಗಿ ಲೈಸೆನ್ಸ್, ಅದನ್ನು ತೆಗೆಯಿರಿ. ಉಪಕರಣಕ್ಕೆ ಕಾಣದ ಎರಡು ಜಾಗಗಳನ್ನು ಕೈಯಿಂದಲೇ ನೋಡಬೇಕು. ಒಂದು, ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋನಿಂದ ಎತ್ತಿಕೊಂಡ ತುಣುಕುಗಳು. ಅಲ್ಲಿ 2018ರ ಮೇ ತಿಂಗಳಿನಿಂದ ಬಂದ ಉತ್ತರಗಳು, ಬರೆದವರ ಹೆಸರು ಹೇಳಿ ಅದೇ ಲೈಸೆನ್ಸ್‌ನಲ್ಲಿ ಹಂಚಬೇಕೆನ್ನುವ ಕ್ರಿಯೇಟಿವ್ ಕಾಮನ್ಸ್ ಬಿವೈ-ಎಸ್‌ಎ 4.0ರಲ್ಲಿವೆ. ಅದು ಜಿಪಿಎಲ್ 3ರೊಳಗೆ ಸೇರಬಲ್ಲದು, ಎಂಐಟಿ ಆಗಲಾರದು. ಇನ್ನೊಂದು, ಕನ್ನಡ ಫಾಂಟ್. ಪಟ್ಟಿ ಚೆನ್ನಾಗಿ ಕಾಣಲೆಂದು ವಿಂಡೋಸ್‌ನ ತುಂಗಾ ಫಾಂಟಿನ ಫೈಲನ್ನೇ ರೆಪೊಗೆ ಹಾಕಿದವರು ಇದ್ದಾರೆ. ಅದು ಮೈಕ್ರೋಸಾಫ್ಟ್‌ನದು, ಹಂಚುವಂತಿಲ್ಲ. ನೋಟೊ ಸ್ಯಾನ್ಸ್ ಕನ್ನಡ ಹಾಕಿಕೊಳ್ಳಿ. ನೋಟೊ ಫಾಂಟ್‌ಗಳೂ 2015ರಲ್ಲಿ ಅಪಾಚೆಯಿಂದ ಓಪನ್ ಫಾಂಟ್ ಲೈಸೆನ್ಸ್‌ಗೆ ಬದಲಾದವು. ಸಾಫ್ಟ್‌ವೇರ್ ಜತೆ ಸೇರಿಸಿ ಮಾರಬಹುದು, ಫಾಂಟನ್ನು ಮಾತ್ರ ಬೇರೆಯಾಗಿ ಮಾರುವಂತಿಲ್ಲ, ಲೈಸೆನ್ಸ್ ಪಠ್ಯ ಜತೆಗಿರಬೇಕು.

‘ಜಿಪಿಎಲ್ 3 ಅಥವಾ ಮುಂದಿನ ಆವೃತ್ತಿ’ ಎಂದು ಬರೆದಿದ್ದೇವೆ, ಅದರಿಂದ ದಾರಿಯಾಗದೇ ಎಂದು ಕೇಳಬಹುದು. ಅದರಿಂದ ಸಿಗುವುದು ಮುಂದೆ ಬರುವ ಜಿಪಿಎಲ್ ಮಾತ್ರ. ಆ ಬಗೆಯ ಸಾಲಿಗೆ ಬಲವಿಲ್ಲವೆಂದಲ್ಲ: ಕನ್ನಡ ವಿಕಿಪೀಡಿಯವೂ ಸೇರಿ ಎಲ್ಲ ವಿಕಿಪೀಡಿಯಗಳು 2009ರಲ್ಲಿ ಗ್ನೂ ದಾಖಲೆ ಲೈಸೆನ್ಸ್‌ನಿಂದ ಕ್ರಿಯೇಟಿವ್ ಕಾಮನ್ಸ್‌ಗೆ ಹೋದದ್ದು ಇಂಥದೇ ‘ಮುಂದಿನ ಆವೃತ್ತಿ’ಯ ಬಾಗಿಲಿನಿಂದ. ಹೊಸ ಆವೃತ್ತಿಯಲ್ಲಿ ಅದಕ್ಕೆಂದೇ ಅನುಮತಿ ಸೇರಿಸಲಾಗಿತ್ತು. ಎಂಐಟಿಗೆ ಅಂಥ ಬಾಗಿಲು ಜಿಪಿಎಲ್‌ನಲ್ಲಿ ಇಲ್ಲ.

ಈಗಾಗಲೇ ಜಿಪಿಎಲ್‌ನಲ್ಲಿ ಹೊರಬಿದ್ದ ಆವೃತ್ತಿಗಳನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ ಎಂಬುದನ್ನು ಕಂಪನಿಗೆ ಮೊದಲೇ ಬರವಣಿಗೆಯಲ್ಲಿ ತಿಳಿಸಿ. ಷರತ್ತು ಪಾಲಿಸುವವರೆಗೆ ಹಕ್ಕುಗಳು ಹಿಂಪಡೆಯಲಾಗದವು ಎಂದು ಆ ಲೈಸೆನ್ಸ್‌ನಲ್ಲೇ ಇದೆ. ದೊಡ್ಡ ಕಂಪನಿಗಳಿಗೂ ಇದರಿಂದ ವಿನಾಯಿತಿ ಇಲ್ಲ. 2023ರ ಆಗಸ್ಟ್‌ನಲ್ಲಿ ಹ್ಯಾಶಿಕಾರ್ಪ್ ಕಂಪನಿ, ಸರ್ವರ್‌ಗಳನ್ನು ಸಜ್ಜುಗೊಳಿಸುವ ತನ್ನ ಟೆರಾಫಾರ್ಮ್ ಸಾಫ್ಟ್‌ವೇರ್‌ನ ಲೈಸೆನ್ಸ್ ಬದಲಿಸಿತು, ಹಳೆಯ ಕೋಡ್ ಹಿಡಿದು ಓಪನ್‌ಟೋಫು ಹುಟ್ಟಿತು. 2024ರ ಮಾರ್ಚ್‌ನಲ್ಲಿ ದತ್ತಾಂಶ ಸಂಗ್ರಹದ ಸಾಫ್ಟ್‌ವೇರ್ ರೆಡಿಸ್ ಬದಲಿಸಿತು, ಕೆಲವೇ ದಿನದಲ್ಲಿ ಅದರ ಹಳೆಯ ಕೋಡ್‌ನಿಂದ ವಾಲ್ಕಿ ಬಂತು. ಮರುವರ್ಷ ರೆಡಿಸ್ ತಾನೇ ಎಜಿಪಿಎಲ್ ಆಯ್ಕೆಯನ್ನು ಸೇರಿಸಿ ಮುಕ್ತ ಲೈಸೆನ್ಸ್‌ಗೆ ಮರಳಿತು. ನಿಮ್ಮ ಹಳೆಯ ಆವೃತ್ತಿಯನ್ನು ಯಾವುದೋ ಮಂಡಿಯವರು ಇಟ್ಟುಕೊಂಡು, ತಿದ್ದಿಸಿಕೊಂಡು, ಪಕ್ಕದ ಮಂಡಿಗೆ ಕೊಟ್ಟರೆ ಅದು ಪೂರ್ತಿ ಸಕ್ರಮ.

ಇಷ್ಟೆಲ್ಲ ಓಡಾಟಕ್ಕೆ ಮುನ್ನ ಕಂಪನಿಯನ್ನು ಒಂದು ಪ್ರಶ್ನೆ ಕೇಳಿ: ನಿಮಗೆ ಇದರಿಂದ ಏನು ಮಾಡಬೇಕಿದೆ? ತಮ್ಮ ಕಚೇರಿಯಲ್ಲೇ ಬಳಸುವುದಾದರೆ ಜಿಪಿಎಲ್ ಅಡ್ಡಿಯಿಲ್ಲ, ತಿದ್ದಿಕೊಂಡರೂ ಯಾರಿಗೂ ಕೋಡ್ ಕೊಡಬೇಕಿಲ್ಲ. ತಮ್ಮ ಸರ್ವರ್‌ನಲ್ಲಿ ಇಟ್ಟು ಮಂಡಿಗಳಿಗೆ ಸೇವೆಯಾಗಿ ಕೊಡುವುದಾದರೂ ಜಿಪಿಎಲ್ 3 ಕೋಡ್ ಹಂಚಲು ಹೇಳುವುದಿಲ್ಲ, ಅದು ಎಜಿಪಿಎಲ್‌ನ ಷರತ್ತು. ಮಂಡಿಯ ಕಂಪ್ಯೂಟರ್‌ಗೆ ಮುಚ್ಚಿದ ಕೋಡ್ ಹಾಕಿ ಮಾರಬೇಕೆಂದರೆ ಮಾತ್ರ ಲೈಸೆನ್ಸ್ ಅಡ್ಡ ಬರುತ್ತದೆ. ಆಗಲೂ ಎಂಐಟಿಗಿಂತ, ಪೂರ್ತಿ ಬರೆದುಕೊಡುವುದಕ್ಕಿಂತ ಉತ್ತಮ ದಾರಿಯಿದೆ ಎಂಬುದು ನನ್ನ ಅಭಿಪ್ರಾಯ. ಕೋಡ್ ಜಿಪಿಎಲ್‌ನಲ್ಲೇ ಇರಲಿ, ಕಂಪನಿಗೆ ಮಾತ್ರ ಹಣಕ್ಕೆ ಪ್ರತ್ಯೇಕ ವಾಣಿಜ್ಯ ಲೈಸೆನ್ಸ್ ಕೊಡಿ. ಎಂಐಟಿ ಮಾಡಿದ ಮರುದಿನ ಆ ಕಂಪನಿಯಷ್ಟೇ ಅಲ್ಲ, ಎಲ್ಲರೂ ಬಿಟ್ಟಿಯಾಗಿ ಮುಚ್ಚಿ ಮಾರಬಹುದು, ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಪ್ರತ್ಯೇಕ ಲೈಸೆನ್ಸ್‌ಗೂ ಎಲ್ಲರ ಒಪ್ಪಿಗೆ ಬೇಕು, ಪೈಕ್ಯೂಟಿ ತೆಗೆಯಬೇಕು, ಇಲ್ಲವೇ ಅದರ ವಾಣಿಜ್ಯ ಲೈಸೆನ್ಸ್ ಕೊಳ್ಳಬೇಕು. ಆದರೆ ರೈತರ ಪಟ್ಟಿ ಬರೆಯುವ ಕೋಡ್ ಊರವರ ಕೈಗೆ ಸಿಗುವಂತೆ ಉಳಿಯುತ್ತದೆ, ಬರೆದವರಿಗೆಲ್ಲ ಹಣದಲ್ಲಿ ಪಾಲೂ ಕೊಡಬಹುದು. ಪಾಲು ಎಷ್ಟೆಂಬುದನ್ನು ಸಹಿಗೆ ಮೊದಲೇ ಮಾತಾಡಿ ಬರೆದಿಡಿ. ಸಾಲುಗಳ ಲೆಕ್ಕದ ಮೇಲೆ ಹಂಚಿದರೆ ಜಗಳ ಬರುತ್ತದೆ, ಪ್ರಿಂಟರ್‌ನ ನೂರು ಸಾಲು ವರದಿಯ ಸಾವಿರ ಸಾಲಿಗಿಂತ ಕಷ್ಟದ್ದಿರಬಹುದು.

ಬದಲಾಯಿಸುವ ದಿನ ಈ ಕ್ರಮ ಅನುಸರಿಸಿ. ಹಳೆಯ ಲೈಸೆನ್ಸ್‌ನ ಕೊನೆಯ ಕಮಿಟ್‌ಗೆ ಟ್ಯಾಗ್ ಹಾಕಿ. ಒಪ್ಪಿಗೆ ಬಾರದ ಕೋಡ್ ತೆಗೆದ, ಹೊಸದು ಸೇರಿಸಿದ ಕಮಿಟ್‌ಗಳು ಬೇರೆಬೇರೆಯಾಗಿಯೇ ಇರಲಿ. ಲೈಸೆನ್ಸ್ ಫೈಲ್, ಪ್ರತಿ ಫೈಲಿನ ತಲೆಯಲ್ಲಿ ಲೈಸೆನ್ಸ್ ಹೆಸರಿಸುವ ಎಸ್‌ಪಿಡಿಎಕ್ಸ್ ಸಾಲು, ಪೈಪ್ರಾಜೆಕ್ಟ್ ಫೈಲಿನ ಲೈಸೆನ್ಸ್ ಉಲ್ಲೇಖ, ರೀಡ್‌ಮಿ, ಸಾಫ್ಟ್‌ವೇರ್‌ನ ‘ನಮ್ಮ ಬಗ್ಗೆ’ ಪರದೆ ಎಲ್ಲವನ್ನೂ ಒಂದೇ ಕಮಿಟ್‌ನಲ್ಲಿ ಬದಲಿಸಿ. ಒಂದರಲ್ಲಿ ಜಿಪಿಎಲ್, ಇನ್ನೊಂದರಲ್ಲಿ ಬೇರೆ ಉಳಿದರೆ ಓದಿದವರು ಗೊಂದಲಕ್ಕೆ ಬೀಳುತ್ತಾರೆ. ರಿಯೂಸ್ ಉಪಕರಣದ ಲಿಂಟ್ ಆದೇಶ, ಲೈಸೆನ್ಸ್ ಸಾಲು ಬಿಟ್ಟುಹೋದ ಫೈಲ್‌ಗಳನ್ನು ತೋರಿಸುತ್ತದೆ. ಗಿಟ್ ಇತಿಹಾಸ ಅಳಿಸಬೇಡಿ, ಯಾರು ಏನು ಬರೆದರು ಎಂಬ ನಿಮ್ಮ ಸಾಕ್ಷ್ಯವೇ ಅದು. ಇನ್ನು ಮುಂದೆ ಬರುವ ಪ್ರತಿ ಪುಲ್ ರಿಕ್ವೆಸ್ಟ್‌ಗೂ (ಕೋಡ್ ಸೇರಿಸಿಕೊಳ್ಳಿ ಎಂಬ ಕೋರಿಕೆಗೂ) ಕೊಡುಗೆದಾರರ ಒಪ್ಪಂದ ಪಡೆಯಿರಿ. ಲಿನಕ್ಸ್ ಕರ್ನೆಲ್‌ನಲ್ಲಿರುವಂಥ ‘ಸೈನ್ಡ್-ಆಫ್-ಬೈ’ ಸಾಲು ಒಳ್ಳೆಯದೇ, ಆದರೆ ಅದು ಈಗಿನ ಲೈಸೆನ್ಸ್‌ನಡಿ ಕೊಡಲು ನನಗೆ ಹಕ್ಕಿದೆ ಎಂದಷ್ಟೇ ಹೇಳುತ್ತದೆ, ನಾಳೆ ಲೈಸೆನ್ಸ್ ಬದಲಿಸುವ ಅಧಿಕಾರವನ್ನು ನಿಮಗೆ ಕೊಡುವುದಿಲ್ಲ.

ಕಂಪನಿ ಕಳಿಸುವ ಕರಾರಿನಲ್ಲಿ ‘ಕೋಡ್‌ನಲ್ಲಿ ಮೂರನೆಯವರ ಯಾವ ಹಕ್ಕೂ ಇಲ್ಲ, ಇದ್ದರೆ ಎಲ್ಲ ನಷ್ಟವನ್ನೂ ನಾನೇ ಭರಿಸುತ್ತೇನೆ’ ಎಂಬ ಅಂಶ ಇದ್ದೇ ಇರುತ್ತದೆ. ಹಾಗೆಯೇ ಸಹಿ ಹಾಕಿದರೆ, ಸಿಗದ ಗೆಳೆಯ ಮುಂದೊಂದು ದಿನ ಕೇಸು ಹಾಕಿದಾಗ ಪೂರ್ತಿ ಹೊರೆ ನಿಮ್ಮೊಬ್ಬರ ಮೇಲೆ ಬೀಳುತ್ತದೆ. ನಿಮ್ಮ ಸ್ಪ್ರೆಡ್‌ಶೀಟನ್ನು ಕರಾರಿಗೆ ಅನುಬಂಧವಾಗಿ ಲಗತ್ತಿಸಿ. ‘ಈ ಅನುಬಂಧದಲ್ಲಿ ತಿಳಿಸಿರುವುದನ್ನು ಹೊರತುಪಡಿಸಿ’ ಎಂಬ ಮಾತನ್ನೂ, ಹೊಣೆಯ ಮೊತ್ತ ನಿಮಗೆ ಬಂದ ಹಣವನ್ನು ಮೀರದು ಎಂಬ ಮಿತಿಯನ್ನೂ ಸೇರಿಸಲು ಹೇಳಿ. ಕರಾರಿನ ಕರಡನ್ನು ಕೋಲಾರದ್ದೋ ಬೆಂಗಳೂರಿನದ್ದೋ, ಕೃತಿಸ್ವಾಮ್ಯದ ಕೇಸು ನಡೆಸಿ ಗೊತ್ತಿರುವ ವಕೀಲರಿಗೆ ತೋರಿಸಿ. ಅವರ ಮುಂದೆ ಈ ಹಾಳೆ, ಪತ್ರಗಳು, ಗೆಳೆಯನ ನೇಮಕಾತಿ ಪತ್ರದ ಪ್ರತಿ ಇಟ್ಟರೆ ಸಲಹೆಯ ಖರ್ಚೂ ಕಡಿಮೆ, ಕೆಲಸವೂ ಬೇಗ ಆಗುತ್ತದೆ.